ನಂದಿ ಯಾವ ಕಡೆ ನೋಡಬೇಕು

ಸಮಿತಿಯವರು ಕಳಿಸಿದ್ದ ಲಾಂಛನದಲ್ಲಿ ನಂದಿ ಇತ್ತು, ದೀಪ ಇತ್ತು, ತೆರೆದ ಪುಸ್ತಕ, ಜೋಳದ ತೆನೆ, ಭೂಗೋಳ, ಹುಟ್ಟುವ ಸೂರ್ಯ, ಕರ್ನಾಟಕದ ನಕ್ಷೆ, ಸಾಲದ್ದಕ್ಕೆ ಒಂದು ಮೂಲೆಯಲ್ಲಿ ಕಂಪ್ಯೂಟರ್ ಮಾನಿಟರ್ ಕೂಡ ಇತ್ತು. ಇದನ್ನೆಲ್ಲ ಬ್ಲೇಜರಿನ ಎಡ ಎದೆಜೇಬಿನ ಮೇಲೆ, ನನ್ನ ಅಂಗೈಗಿಂತ ಚಿಕ್ಕ ಜಾಗದಲ್ಲಿ ದಾರದಿಂದ ಹೊಲಿದು ತೋರಿಸಬೇಕಿತ್ತು. ಪರದೆಯ ಮೇಲೆ ನಿಜವಾದ ಅಳತೆಗೆ ಇಳಿಸಿದಾಗ ಮಾನಿಟರ್ ಎಳ್ಳಿನಷ್ಟಾಯಿತು, ನಂದಿ ಇರುವೆಯಾಯಿತು.

ಆಗ ನಾನು ಕಾಮಾಕ್ಷಿಪಾಳ್ಯದ ಒಂದು ಕಂಪ್ಯೂಟರ್ ಕಸೂತಿ ಘಟಕದಲ್ಲಿ ಪಂಚಿಂಗ್ ಮಾಡುತ್ತಿದ್ದೆ. ಪಂಚಿಂಗ್ ಎಂದರೆ ಚಿತ್ರವನ್ನು ಹೊಲಿಗೆಗಳಾಗಿ ಒಡೆಯುವ ಕೆಲಸ. ಸೂಜಿ ಎಲ್ಲಿ ಇಳಿಯಬೇಕು, ದಾರ ಯಾವ ದಿಕ್ಕಿಗೆ ಸಾಗಬೇಕು, ಎಲ್ಲಿ ಕತ್ತರಿಸಬೇಕು ಎಂಬುದನ್ನೆಲ್ಲ ಪರದೆಯ ಮೇಲೆ ಗುರುತಿಸಿ, ಫ್ಲಾಪಿಗೆ ತುಂಬಿ ಮಷಿನ್ನಿಗೆ ಕೊಡುವುದು. ಉಳಿದದ್ದು ಮಷಿನ್ನು ಮತ್ತು ಕರೆಂಟಿನ ಕೈಯಲ್ಲಿರುತ್ತಿತ್ತು.

ಮಾಲೀಕರಿಗೆ ಈ ಆರ್ಡರ್ ಬೇಕೇ ಬೇಕಿತ್ತು. ಉತ್ತರ ಮತ್ತು ಮಧ್ಯ ಕರ್ನಾಟಕದಿಂದ ಬಂದು ಬಸವೇಶ್ವರನಗರದ ಸುತ್ತ ನೆಲೆಸಿದ ಶೈವ ಮನೆತನಗಳ ವ್ಯಾಪಾರಿಗಳು, ಅಧಿಕಾರಿಗಳು ಸೇರಿ ಒಂದು ಶಾಲೆ ಕಟ್ಟಿಸುತ್ತಿದ್ದರು. ಬ್ಯಾಡ್ಜ್ ಒಪ್ಪಿಗೆಯಾದರೆ ಬ್ಲೇಜರು, ಟೈ, ಆಟದ ಬಟ್ಟೆ ಎಲ್ಲವೂ ನಮ್ಮಲ್ಲಿಗೇ ಬರುತ್ತಿತ್ತು. ನಾನು ಮಾಡಿಕೊಟ್ಟ ನಮೂನೆ ಎರಡು ಸಲ ವಾಪಸ್ ಬಂದ ಮೇಲೆ ಮಾಲೀಕರು ಹೊಸಹಳ್ಳಿಯಿಂದ ಒಬ್ಬ ಹಿರಿಯ ಹೆಂಗಸನ್ನು ಕರೆತಂದರು.

“ಇವ್ರು ಫಾರಿನ್ನಲ್ಲಿ ಗೌರ್ಮೆಂಟಿಗೆ ಲಾಂಛನ ಬರೀತಿದ್ರಂತೆ ಕಣಮ್ಮ. ನೀನು ಸ್ವಲ್ಪ ಬಾಯಿ ಮುಚ್ಕೊಂಡು ಕೇಳು,” ಎಂದರು ನನಗೆ. ಆ ವಿಷಯದಲ್ಲಿ ಅವರಿಗೆ ನನ್ನ ಮೇಲೆ ಭರವಸೆ ಇರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳ ವಿಚಾರ ಕೆಲಸಕ್ಕೆ ಸೇರಿದ ವಾರದಲ್ಲೇ ಬಾಯಿಬಿಟ್ಟಿದ್ದೆ. ಅಂದಿನಿಂದ ಅಲ್ಲಿ ನನ್ನ ಹೆಸರು ಲಾಯರಮ್ಮ.

ಆಕೆ ಹುಟ್ಟಿ ಬೆಳೆದದ್ದು ನೈರೋಬಿಯಲ್ಲಿ. ಅಜ್ಜ ಗೋವಾದಿಂದ ಅಲ್ಲಿಗೆ ರೈಲ್ವೆ ಗುಮಾಸ್ತರಾಗಿ ಹೋದವರು. ಪುರಸಭೆಗಳಿಗೆ, ಶಾಲೆಗಳಿಗೆ, ಸಂಘಗಳಿಗೆ ಗುರಾಣಿಯಾಕಾರದ ಲಾಂಛನ ಕೊಡುವುದಕ್ಕೆಂದೇ ಆ ದೇಶದಲ್ಲಿ ಒಂದು ಸರ್ಕಾರಿ ವಿಭಾಗವಿತ್ತು, ಅಲ್ಲಿ ಇವರು ಚಿತ್ರಗಾರ್ತಿ. ಮಂಗಳೂರು ಕಡೆಯ ಗಂಡನ ಜತೆ ಬೆಂಗಳೂರಿಗೆ ಬಂದು, ಗಂಡ ತೀರಿದ ಮೇಲೆ ಮೈದುನನ ಮನೆಯ ಮಹಡಿ ಕೋಣೆಯಲ್ಲಿ ಉಳಿದಿದ್ದರು. ಇಲ್ಲಿ ಆ ವಿದ್ಯೆಗೆ ಗಿರಾಕಿಯಿರಲಿ, ಹೆಸರೂ ಇರಲಿಲ್ಲ. ಅಂಗಡಿ ಬೋರ್ಡು, ಮದುವೆ ಕಾರ್ಡಿನ ಅಕ್ಷರ, ಇಗರ್ಜಿಯ ಬ್ಯಾನರು, ಹೀಗೆ ಸಿಕ್ಕಿದ್ದನ್ನು ಬರೆದಿದ್ದರು. ಮಾಲೀಕರು ಅವರ ಮುಂದೆ ಇಟ್ಟ ಮಾತು ಸರಳವಾಗಿತ್ತು. ಈ ಲಾಂಛನ ಪಾಸಾದರೆ ಘಟಕದಲ್ಲಿ ಒಂದು ಮೇಜು, ತಿಂಗಳ ಸಂಬಳ. ಪಾಸಾಗದಿದ್ದರೆ ನಮಸ್ಕಾರ. ಹಾಗಾದರೆ ಗೋವಾದಲ್ಲಿರುವ ಅಕ್ಕನ ಮನೆ ಸೇರಿ ಅಡುಗೆ ನೋಡಿಕೊಳ್ಳುವುದು ಎಂದು ಆಕೆ ಆಗಲೇ ತೀರ್ಮಾನಿಸಿದ್ದರು. ಬಣ್ಣದ ಪೆಟ್ಟಿಗೆಯನ್ನು ಮಾತ್ರ ಅಲ್ಲಿಗೆ ಒಯ್ಯುವುದಿಲ್ಲ ಎಂದರು, ಯಾರೂ ಕೇಳದಿದ್ದರೂ.

ನಾವೆಲ್ಲ ಅವರನ್ನು ಆಂಟಿ ಎಂದು ಕರೆದೆವು. ಆಂಟಿಯಲ್ಲಿ ವಿನಯ ಎಂಬುದು ಅಷ್ಟಾಗಿ ಇರಲಿಲ್ಲ. ಸಮಿತಿಯ ಚಿತ್ರವನ್ನು ಕನ್ನಡಕ ಏರಿಸಿ ನೋಡಿ, “ಇದು ಶೀಲ್ಡ್ ಅಲ್ಲ, ಮೀನ್ ಮಾರ್ಕೆಟ್,” ಎಂದು ಮಡಚಿ ನನ್ನ ಕೀಬೋರ್ಡಿನ ಮೇಲಿಟ್ಟರು.

ಮೊದಲ ದಿನವೇ ನಾವಿಬ್ಬರೂ ಜಗಳಕ್ಕೆ ಬಿದ್ದೆವು. ಗುರಾಣಿ ಯಾಕೆ ಬೇಕು ಎನ್ನುವುದು ನನ್ನ ಪ್ರಶ್ನೆ. ಯಾವುದೋ ದೂರದೇಶದ ಜಹಗೀರುದಾರರು ಕುದುರೆ ಮೇಲೆ ಹೊಡೆದಾಡುವಾಗ ಹಿಡಿಯುತ್ತಿದ್ದ ತಗಡಿಗೂ ಬಸವೇಶ್ವರನಗರದ ಒಂದನೇ ತರಗತಿಗೂ ಏನು ಸಂಬಂಧ? ಆಂಟಿ ಗುರಾಣಿಯನ್ನು ಸಮರ್ಥಿಸಲು ಹೋಗಲಿಲ್ಲ. ಅವರು ಹೇಳಿದ್ದು ಬೇರೆಯೇ. ಅವರ ಕಚೇರಿಯಲ್ಲಿ ಚಿತ್ರಕ್ಕೆ ಬೆಲೆ ಕಡಿಮೆ, ವರ್ಣನೆಗೆ ಬೆಲೆ ಹೆಚ್ಚು. ಪ್ರತಿ ಲಾಂಛನಕ್ಕೂ ಒಂದು ವಾಕ್ಯ. ಮೊದಲು ನೆಲದ ಬಣ್ಣ, ಆಮೇಲೆ ಮುಖ್ಯ ಆಕೃತಿ, ಅದರ ಭಂಗಿ, ಅದರ ಬಣ್ಣ, ಕೊನೆಗೆ ಉಳಿದದ್ದು. ಚಿತ್ರ ಸುಟ್ಟುಹೋದರೂ ಆ ವಾಕ್ಯ ಓದಿದ ಯಾವ ಚಿತ್ರಗಾರನಾದರೂ ಅದೇ ಲಾಂಛನ ಬರೆಯಬಲ್ಲ. ಬಾಲದ ಸುರುಳಿ ಬೇರೆಯಾದೀತು, ಲಾಂಛನ ಬೇರೆಯಾಗದು.

“ಫೋನಲ್ಲಿ ಹೇಳೋಕೆ ಆಗಲ್ಲ ಅಂದ್ರೆ ಅದು ಲಾಂಛನಾನೇ ಅಲ್ಲ,” ಎಂದರು.

ಇದು ಪರೀಕ್ಷೆ ಮಾಡಬಹುದಾದ ಮಾತು. ವಾದದಲ್ಲಿ ನನಗೆ ಅದಕ್ಕಿಂತ ರುಚಿಯಾದದ್ದಿಲ್ಲ. ವಿಜಯನಗರದಲ್ಲಿದ್ದ ಗೆಳತಿಗೆ, ಕಾಲೇಜಿನಲ್ಲಿ ನನ್ನ ಜತೆ ಚರ್ಚೆಗೆ ನಿಲ್ಲುತ್ತಿದ್ದವಳಿಗೆ, ಫೋನು ಮಾಡಿ ಪೆನ್ಸಿಲು ಹಿಡಿ ಎಂದೆ. ಸಮಿತಿಯ ಲಾಂಛನವನ್ನು ವರ್ಣಿಸುತ್ತ ಭೂಗೋಳದ ತನಕ ಬರುವಷ್ಟರಲ್ಲಿ ಅವಳು, “ಏನ್ ಗುರು ಇದು, ಗೃಹಪ್ರವೇಶದ ಸಾಮಾನಾ?” ಎಂದು ಫೋನಿಟ್ಟಳು.

ಆಮೇಲೆ ನಾನೂ ಆಂಟಿಯೂ ಕೂತು ಕನ್ನಡದಲ್ಲಿ ಒಂದು ವಾಕ್ಯ ಕಟ್ಟಿದೆವು. ಅವರ ಕನ್ನಡ ತರಕಾರಿ ಅಂಗಡಿಯಿಂದ ಬಂದದ್ದು, ನನ್ನದು ವೇದಿಕೆಯಿಂದ. ಎರಡರಲ್ಲೂ ಈ ಕೆಲಸಕ್ಕೆ ಬೇಕಾದ ಪದಗಳಿರಲಿಲ್ಲ. ಕೆಂಪು ಗುರಾಣಿ, ಅದರಲ್ಲಿ ಮಲಗಿ ತಲೆಯೆತ್ತಿದ ಬಿಳಿ ನಂದಿ, ಮೇಲಂಚಿನಲ್ಲಿ ಚಿನ್ನದ ಬಣ್ಣದ ಮೂರು ಜೋಳದ ತೆನೆ. ಗೆಳತಿ ಅದನ್ನು ಒಂದೇ ಸಲಕ್ಕೆ ಬರೆದಳು. ಸಂಜೆ ಅವಳ ಕಾಗದ ನೋಡಿದರೆ ಎಲ್ಲವೂ ಇದ್ದವು, ನಂದಿ ಮಾತ್ರ ಲಾರಿಗೆ ಸಿಕ್ಕ ಹಾಗೆ ನಾಲ್ಕೂ ಕಾಲು ಚಾಚಿ ಬಿದ್ದಿತ್ತು. ‘ಮಲಗಿ’ ಎಂಬುದನ್ನು ಹೊಡೆದು ‘ಕಾಲು ಮಡಚಿ ಕುಳಿತು’ ಎಂದು ತಿದ್ದಿದೆವು. ನಂದಿ ಯಾವ ಕಡೆ ನೋಡುತ್ತದೆ ಎಂದು ಬರೆಯಬೇಕಲ್ಲವೇ ಎಂದು ನಾನು ಕೇಳಿದೆ. ಬೇಡ ಎಂದರು ಆಂಟಿ. ಏನೂ ಹೇಳದಿದ್ದರೆ ಪ್ರಾಣಿ ಗುರಾಣಿ ಹಿಡಿದವನ ಬಲಕ್ಕೆ, ಅಂದರೆ ಎದುರಿಗೆ ನಿಂತು ನೋಡುವವರ ಎಡಕ್ಕೆ ಮುಖ ಮಾಡಿರುತ್ತದೆ, ಅದು ನಿಯಮ. ನಾನು ಆಗ ಅದನ್ನು ಅಷ್ಟಕ್ಕೇ ಬಿಟ್ಟೆ.

ಬಿಡದೆ ಹಿಡಿದದ್ದು ಬಣ್ಣದ ವಿಷಯವನ್ನು. ಬಿಳಿ ನೆಲದ ಮೇಲೆ ಚಿನ್ನದ ನಂದಿ ಇರಲಿ, ಪವಿತ್ರವಾಗಿ ಕಾಣುತ್ತದೆ ಎಂದು ಸಮಿತಿಯಿಂದ ಫೋನು ಬಂದಿತ್ತು. ಸಾಧ್ಯವಿಲ್ಲ ಎಂದರು ಆಂಟಿ. ಅವರ ಲೆಕ್ಕದಲ್ಲಿ ಹಳದಿ ಮತ್ತು ಬಿಳಿ ಲೋಹಗಳು, ಚಿನ್ನ ಮತ್ತು ಬೆಳ್ಳಿ. ಕೆಂಪು, ನೀಲಿ, ಹಸಿರು, ಕಪ್ಪು ಬಣ್ಣಗಳು. ಲೋಹದ ಮೇಲೆ ಲೋಹ ಕೂರಬಾರದು, ಬಣ್ಣದ ಮೇಲೆ ಬಣ್ಣ ಕೂರಬಾರದು. ಯಾಕೆ ಎಂದೆ. ನಿಯಮ ಎಂದರು. ನಿಯಮ ಎನ್ನುವುದು ಕಾರಣವಲ್ಲ, ಕಾರಣ ಮರೆತುಹೋದ ಮೇಲೆ ಉಳಿಯುವ ಚಿಪ್ಪು ಅದು ಎಂದು ನಾನು ಜೋರಾಗಿಯೇ ಹೇಳಿದೆ. ಆಂಟಿ ಕೋಪಿಸಿಕೊಂಡು ಎರಡೂ ಬಗೆಯ ಪುಟ್ಟ ಚಿತ್ರ ಬರೆದುಕೊಟ್ಟರು. ನಾನು ಅವೆರಡನ್ನೂ ವಿಜಯನಗರದ ಮಾರ್ಕೆಟ್ ಬೀದಿಯ ಜೆರಾಕ್ಸ್ ಅಂಗಡಿಗೆ ಒಯ್ದೆ. ಬಿಳಿಯ ಮೇಲಿದ್ದ ಹಳದಿ ನಂದಿ ಜೆರಾಕ್ಸಿನಲ್ಲಿ ಮಾಯವಾಗಿತ್ತು. ಒಂದು ಕೊಂಬಿನ ನೆರಳು ಮಾತ್ರ ಉಳಿದಿತ್ತು. ಕೆಂಪಿನ ಮೇಲಿನ ಬಿಳಿ ನಂದಿ ಕಪ್ಪು ನೆಲದಲ್ಲಿ ಎದ್ದು ಕಾಣುತ್ತಿತ್ತು. ಎರಡು ಹಾಳೆಯನ್ನೂ ತಂದು ಮೇಜಿನ ಮೇಲಿಟ್ಟೆ. ಆಂಟಿ ಜಂಬದಿಂದ ನಕ್ಕರು. ನಿಮ್ಮ ನಿಯಮ ಗೆದ್ದದ್ದಲ್ಲ, ಜೆರಾಕ್ಸ್ ಗೆದ್ದದ್ದು ಎಂದೆ. ಸಮಿತಿಗೆ ಅದೇ ಹಾಳೆಗಳನ್ನು ಕಳಿಸಿದೆವು. ಬಿಳಿ ನೆಲದ ಮಾತು ಮತ್ತೆ ಬರಲಿಲ್ಲ.

ಮುಂದಿನ ಸುತ್ತಿನಲ್ಲಿ ಆಂಟಿ ಸೋತರು. ಆಂಟಿ ಬರೆದುಕೊಟ್ಟ ದೊಡ್ಡ ಚಿತ್ರ ಚೆಂದವಿತ್ತು, ಅನುಮಾನವಿಲ್ಲ. ತೆನೆಯ ಒಂದೊಂದು ಕಾಳಿಗೂ ಕೂದಲಿನಷ್ಟು ಸಣ್ಣ ಕಪ್ಪು ಗೆರೆ, ನಂದಿಯ ಕುತ್ತಿಗೆಯ ಮಡಿಕೆಗಳಿಗೆ ಬೂದು ನೆರಳು. ಇದು ದಾರದಲ್ಲಿ ಬರುವುದಿಲ್ಲ ಎಂದೆ. ಬರಲೇಬೇಕು ಎಂದರು. ಇದ್ದದ್ದನ್ನು ಇದ್ದ ಹಾಗೆ ಪಂಚ್ ಮಾಡಿ ಮಷಿನ್ನಿಗೆ ಹಾಕಿದೆ. ಕಪ್ಪು ಗೆರೆಗಳು ತುಂಡುತುಂಡಾದವು. ಕಾಳುಗಳ ಜಾಗದಲ್ಲಿ ಸೂಜಿ ಒಂದೇ ಕಡೆ ಮತ್ತೆ ಮತ್ತೆ ಇಳಿದು ಬಟ್ಟೆಯೇ ತೂತಾಯಿತು. ಜರಿದಾರ ಮಾತುಮಾತಿಗೆ ಕಡಿಯುತ್ತಿತ್ತು, ಆಪರೇಟರ್ ಅಣ್ಣ ಪ್ರತಿ ಸಲ ದಾರ ಪೋಣಿಸುವಾಗಲೂ ನನ್ನ ಕಡೆ ನೋಡಿ ಏನೋ ಗೊಣಗುತ್ತಿದ್ದ. ಕೊನೆಗೆ ಕೈಗೆ ಬಂದ ನಂದಿಯ ಮುಖ ಸಣಕಲಾಗಿ ಕತ್ತೆಯದಾಗಿತ್ತು.

ಆಂಟಿ ನನ್ನನ್ನು ಬೈದರು. ನಾನು ಚಿತ್ರವನ್ನು ಬೈದೆ. ಆಪರೇಟರ್ ಅಣ್ಣ ಇಬ್ಬರನ್ನೂ ಬಿಟ್ಟು, ಆ ಬಟ್ಟೆಯ ಚೂರನ್ನು ಆಂಟಿಯ ಕೈಗೆ ಕೊಟ್ಟು, “ಮುಟ್ಟಿ ನೋಡಿ ಆಂಟಿ, ಎಷ್ಟು ಬಿಗಿದಿದೆ,” ಎಂದ. ಅವರು ಬೆರಳಾಡಿಸಿದರು. ಮರುದಿನ ಕುರ್ಚಿ ಎಳೆದುಕೊಂಡು ಮಷಿನ್ನಿನ ಪಕ್ಕದಲ್ಲೇ ಕೂತು, ಕರೆಂಟು ಹೋದಾಗಲೂ ಏಳದೆ, ಹೊಲಿಗೆ ಬೀಳುವುದನ್ನು ನೋಡಿದರು. ಪ್ರತಿ ಹೊಲಿಗೆಯೂ ಬಟ್ಟೆಯನ್ನು ತನ್ನ ಉದ್ದಕ್ಕೆ ಸ್ವಲ್ಪ ಒಳಗೆಳೆಯುತ್ತದೆ. ನೂರಾರು ಹೊಲಿಗೆ ಸೇರಿದರೆ ಅಗಲವಾದ ಮುಖ ಕಿರಿದಾಗುತ್ತದೆ. “ಬಣ್ಣ ಹಚ್ಚಿದ ಜಾಗದಲ್ಲೇ ಕೂತಿರುತ್ತೆ. ಈ ದಾರ ಸುಮ್ನೆ ಕೂರಲ್ಲ,” ಎಂದರು, ದೂರು ಹೇಳುವ ದನಿಯಲ್ಲಿ. ಹೊಸ ಚಿತ್ರದಲ್ಲಿ ಕಪ್ಪು ಗೆರೆಗಳೇ ಇರಲಿಲ್ಲ. ಕಾಳು ಮತ್ತು ಕಾಳಿನ ನಡುವೆ ಕೆಂಪು ಬಟ್ಟೆಯನ್ನೇ ಗೆರೆಯ ಹಾಗೆ ಉಳಿಸಿದ್ದರು. ನಂದಿಯನ್ನು ಕಾಗದದ ಮೇಲೆ ಬೇಕೆಂದೇ ದಪ್ಪಗೆ ಬರೆದಿದ್ದರು, ದಾರ ಎಳೆದಾಗ ಸರಿಯಾಗಲಿ ಎಂದು. ಹೊಲಿದು ಬಂದಾಗ ಅದು ನಂದಿಯಂತೆಯೇ ಇತ್ತು.

ಆ ಚಿತ್ರ ಹಿಡಿದು ಬಸವೇಶ್ವರನಗರಕ್ಕೆ ಹೋದೆವು. ಶಾಲೆಗೆ ಇನ್ನೂ ಸುಣ್ಣ ಬಳಿಯುತ್ತಿದ್ದರು. ಸಮಿತಿಯ ಅಧ್ಯಕ್ಷರು ನಿವೃತ್ತ ಎಂಜಿನಿಯರು, ಮಾತು ಮೆತ್ತಗೆ. ದೀಪ, ಪುಸ್ತಕ, ಭೂಗೋಳ ಎಲ್ಲ ಯಾಕೆ ಹೋದವು ಎಂದು ನಾನು ವಿವರಿಸಿದೆ, ಫೋನಿನ ಪರೀಕ್ಷೆಯನ್ನು ಅಲ್ಲೇ ಒಬ್ಬ ಸದಸ್ಯರ ಮೇಲೆ ಮಾಡಿ ತೋರಿಸಿದೆ. ಒಪ್ಪಿದರು. ಮಾಲೀಕರ ಮುಖ ಅರಳಿತು. ಆಗ ಅಧ್ಯಕ್ಷರು ಚಿತ್ರವನ್ನು ದೂರ ಹಿಡಿದು, ಒಂದೇ ಒಂದು ತಿದ್ದುಪಡಿ ಎಂದರು. ನಂದಿ ಎಡಕ್ಕೆ ನೋಡುತ್ತಿದೆ, ಬಲಕ್ಕೆ ತಿರುಗಿಸಿ.

“ಗ್ರಾಫ್ ಯಾವ ಕಡೆ ಏರುತ್ತೆ ಹೇಳಿ? ಬಲಕ್ಕೆ. ಕನ್ನಡ ಯಾವ ಕಡೆ ಓದ್ತೀವಿ? ಬಲಕ್ಕೆ. ಮಕ್ಕಳ ಶಾಲೆ ಇದು. ಮುಂದಕ್ಕೆ ನೋಡ್ಬೇಕು.”

ಎಲ್ಲರೂ ತಲೆದೂಗಿದರು. ನಿಜ ಹೇಳಬೇಕೆಂದರೆ ನನಗೂ ಅದು ಒಳ್ಳೆಯ ವಾದವೆನಿಸಿತು. ನಾನು ಅನುವಾದಿಸಿ ಹೇಳುವ ಮೊದಲೇ ಆಂಟಿಗೆ ಅರ್ಥವಾಗಿತ್ತು. ವಾಪಸ್ ಘಟಕಕ್ಕೆ ಬಂದು, ಮಾಲೀಕರು “ಲಾಯರಮ್ಮ, ತಿರುಗ್ಸಿ ಇನ್ನೊಂದು ಸ್ಯಾಂಪಲ್ ಹೊಡ್ಸು,” ಎಂದಾಗ, ಆಂಟಿ ಕೈಚೀಲ ಹೆಗಲಿಗೆ ಹಾಕಿಕೊಂಡರು.

“ಆ ಕಡೆ ನೋಡೋ ಎತ್ತು ಓಡಿ ಹೋಗ್ತಾ ಇರೋ ಎತ್ತು. ಓಡೋ ಎತ್ತಿಗೆ ನಾನು ಕೈ ಹಾಕಲ್ಲ. ನಿಮ್ಮ ಟೇಬಲ್ ನೀವೇ ಇಟ್ಕೊಳ್ಳಿ.”

ಅವರು ಹೋದ ಮೇಲೆ ಮಾಲೀಕರು ನನ್ನ ಹತ್ತಿರ ದನಿ ತಗ್ಗಿಸಿ ಹೇಳಿದರು. ಚಿತ್ರ ಅಂತೂ ನಮ್ಮ ಕೈಲಿದೆ. ಆಯಮ್ಮ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಲೆಕ್ಕ ತಪ್ಪೇನೂ ಇರಲಿಲ್ಲ. ಒಂದು ಕೀ ಒತ್ತಿದರೆ ಪರದೆಯ ಮೇಲೆ ನಂದಿ ತಿರುಗುತ್ತಿತ್ತು.

ಒತ್ತಿದೆ. ತಿರುಗಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಪರದೆಯ ಮೇಲೆ ಅಧ್ಯಕ್ಷರ ನಂದಿಯೇ ಚುರುಕಾಗಿ ಕಾಣುತ್ತಿತ್ತು. ಆದರೆ ನನಗೆ ಕಿರಿಕಿರಿಯಾದದ್ದು ಬೇರೆ. ಬಣ್ಣದ ಜಗಳದಲ್ಲಿ ಆಂಟಿ ಕಾರಣ ಹೇಳದಿದ್ದರೂ ಕಾರಣ ಇತ್ತು, ಜೆರಾಕ್ಸಿನಲ್ಲಿ ಸಿಕ್ಕಿತು. ಇದಕ್ಕೂ ಒಂದು ಇರಬಹುದೇ? ಇಲ್ಲದೆಯೂ ಇರಬಹುದು, ಎಷ್ಟೋ ನಿಯಮಗಳ ಚಿಪ್ಪಿನೊಳಗೆ ನಿಜವಾಗಿಯೂ ಏನೂ ಇರುವುದಿಲ್ಲ. ಯಾವುದೆಂದು ತಿಳಿಯದೆ ಕೈ ಮುಂದುವರಿಯಲಿಲ್ಲ.

ಮರುದಿನ ಮಧ್ಯಾಹ್ನ ಹೊಸಹಳ್ಳಿಗೆ ಹೋದೆ. ಮೆಟ್ರೊ ಸಲುವಾಗಿ ಅಲ್ಲಿನ ರಸ್ತೆ ಅಗೆಯುವುದು ಇನ್ನೂ ಶುರುವಾಗಿರಲಿಲ್ಲ, ಬಸ್ಸಿಳಿದರೆ ಹತ್ತು ಹೆಜ್ಜೆಗೆ ಮನೆ. ಆಂಟಿ ಮೀನು ಹುರಿಯುತ್ತಿದ್ದರು. ಓಡುವ ಎತ್ತು ಎಂದರೇನು ಎಂದು ಕೇಳಿದೆ. ಹಳೆಯ ಉತ್ತರವೇ ಬಂತು. ಗುರಾಣಿಯನ್ನು ಎಡಗೈಯಲ್ಲಿ ಪಕ್ಕಕ್ಕೆ ಹಿಡಿದರೆ ಅದರ ಬಲ ಅಂಚು ಮುಂದಿರುತ್ತದೆ. ಪ್ರಾಣಿ ಹಿಡಿದವನ ಬಲಕ್ಕೆ ನೋಡಬೇಕು, ಆಗ ಅದು ಶತ್ರುವಿನ ಕಡೆ ನುಗ್ಗುತ್ತಿರುತ್ತದೆ, ಇಲ್ಲವಾದರೆ ಓಡಿಹೋಗುತ್ತಿರುತ್ತದೆ.

“ಈಗ ಶತ್ರು ಯಾರು ಆಂಟಿ? ಗಣಿತದ ಮೇಷ್ಟ್ರಾ?”

ನಾನು ಇನ್ನೊಂದು ಕಡೆಯಿಂದ ಬಂದೆ. ನಿಮ್ಮ ನಿಯಮದಲ್ಲಿ ‘ಹಿಡಿದವನು’ ಇದ್ದಾನಲ್ಲ, ಈ ಶಾಲೆಯಲ್ಲಿ ಅವನು ಯಾರು? ಆಂಟಿ ಸೌಟು ಹಿಡಿದೇ ಯೋಚಿಸಿದರು. “ಹಾಕ್ಕೊಂಡವರು,” ಎಂದರು ಕೊನೆಗೆ. “ಮಕ್ಕಳು. ಕೋಟು ಹಾಕ್ಕೊಂಡವರು.”

ಅಲ್ಲಿ ನನಗೆ ಜಗಳದ ಬುಡ ಸಿಕ್ಕಿತು. ಅಧ್ಯಕ್ಷರು ಲಾಂಛನವನ್ನು ಓದುವವರ ಪರವಾಗಿ ವಾದಿಸಿದ್ದರು, ಆಂಟಿ ತೊಟ್ಟವರ ಪರವಾಗಿ. ಆದರೆ ಇಬ್ಬರೂ ನೋಡಿದ್ದು ಕಾಗದವನ್ನು. ನಾನು ನೋಡಿದ್ದು ಪರದೆಯನ್ನು. ತೊಟ್ಟ ಮೈ ಯಾರ ಕಣ್ಣೆದುರೂ ಇರಲಿಲ್ಲ. ಚರ್ಚೆಯಲ್ಲಿ ಇಂಥ ಸ್ಥಿತಿ ಬಂದರೆ ಎಷ್ಟು ಚೆನ್ನಾಗಿ ಮಾತಾಡಿದರೂ ಪ್ರಯೋಜನವಿಲ್ಲ, ವಸ್ತುವನ್ನೇ ತಂದು ಮಧ್ಯೆ ಇಡಬೇಕು. ಎರಡೂ ನಂದಿ ಹೊಲಿಸುತ್ತೇನೆ, ಎರಡು ಬ್ಲೇಜರಿಗೆ ಹಚ್ಚಿಸಿ ಸಮಿತಿಯವರಿಗೇ ತೊಡಿಸುತ್ತೇನೆ, ನೀವೂ ಬರಬೇಕು ಎಂದೆ. ಎಲ್ಲರೂ ಅಧ್ಯಕ್ಷರ ನಂದಿಯನ್ನೇ ಮೆಚ್ಚಿದರೆ ನೀವು ಒಪ್ಪಿಕೊಳ್ಳಬೇಕು. ಆಂಟಿ ಮೀನು ಮಗುಚಿ ಹಾಕುತ್ತ ಹೇಳಿದರು, ಬರ್ತೀನಿ, ಒಪ್ಪಿಕೊಳ್ಳಲ್ಲ. ಸೋತರೆ ಅಲ್ಲಿಂದ ನೇರ ಗೋವಾ ಬಸ್ಸು.

ಎರಡನೇ ನಮೂನೆಯ ವಿಷಯ ಮಾಲೀಕರಿಗೆ ಹೇಳಲಿಲ್ಲ. ಮಷಿನ್ನಿನಲ್ಲಿ ಸಾಲಾಗಿ ಹೊಲಿಯುವ ಎಲ್ಲ ಹೆಡ್ಡುಗಳೂ ಒಂದೇ ಫ್ಲಾಪಿ ಓದುತ್ತಿದ್ದುದರಿಂದ ಎರಡು ನಂದಿಗೆ ಎರಡು ಸಲ ಮಷಿನ್ನು ಓಡಿಸಬೇಕಿತ್ತು. ಆಪರೇಟರ್ ಅಣ್ಣನಿಗೆ ಕಾರಣ ತಿಳಿಸಿದೆ. ಜರಿದಾರ ಮತ್ತೆ ಪೋಣಿಸುವ ಕಷ್ಟ ನೆನೆದು ಹಲ್ಲು ಕಡಿದನಾದರೂ, ಮಾಲೀಕರು ಊಟಕ್ಕೆ ಹೋದ ಹೊತ್ತಿನಲ್ಲಿ ಹೊಲಿದುಕೊಟ್ಟ. ಮಾಲೀಕರಿಗೆ ಗೊತ್ತಾದದ್ದು ಆಟೋದಲ್ಲಿ, ಚೀಲದಿಂದ ಎರಡು ಬ್ಲೇಜರ್ ಇಣುಕಿದಾಗ. “ಎರಡ್ಯಾಕೆ?” ಎಂದರು. ಹೋಲಿಕೆಗೆ ಎಂದೆ. ಆಂಟಿ ಕಿಟಕಿಯಿಲ್ಲದ ಆಟೋದ ಅಂಚಿಗೆ ಆತುಕೊಂಡು ಹೊರಗೆ ನೋಡುತ್ತಿದ್ದರು.

ಅಳತೆಗೆ ದೊಡ್ಡವರ ಬ್ಲೇಜರನ್ನೇ ತಂದಿದ್ದೆವು. ಬಲಕ್ಕೆ ತಿರುಗಿದ ನಂದಿಯದನ್ನು ಅಧ್ಯಕ್ಷರು ತೊಟ್ಟರು. ಇನ್ನೊಂದನ್ನು ಖಜಾಂಚಿ ತೊಟ್ಟರು. ಇಬ್ಬರೂ ತರಗತಿಯ ಕಪ್ಪು ಹಲಗೆಯ ಮುಂದೆ ನಿಂತರು. ಯಾವುದು ಚೆಂದ ಎಂದು ಉಳಿದವರನ್ನು ಕೇಳಿದೆ.

ಮತ ಹಂಚಿಹೋಯಿತು, ಹೆಚ್ಚಿನವು ಅಧ್ಯಕ್ಷರ ಕಡೆಗೇ. ಖಜಾಂಚಿಯ ನಂದಿ ಅವರ ಗುಂಡಿಗಳನ್ನು ಎಣಿಸುತ್ತಿರುವ ಹಾಗಿದೆ ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಆಂಟಿ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು. ನನಗೂ ಮುಗಿಯಿತು ಎನಿಸಿತು. ಪರೀಕ್ಷೆ ನಾನೇ ಇಟ್ಟದ್ದು, ಫಲಿತಾಂಶ ಬೇಡವೆನ್ನುವಂತಿರಲಿಲ್ಲ.

ಹಿಂದಿನ ಸಭೆಗೆ ಬಾರದಿದ್ದ ಒಬ್ಬ ಹಿರಿಯ ಸದಸ್ಯರು ಅವತ್ತು ಬಂದಿದ್ದರು. ಗದಗದ ಕಡೆಯವರು, ಕಾಳುಕಡಿ ವ್ಯಾಪಾರ. ಅವರು ಅಧ್ಯಕ್ಷರನ್ನು ಹತ್ತಿರ ಕರೆದರು.

“ಅಧ್ಯಕ್ಷರ, ನಿಮ್ಮ ಲಿಂಗ ಎಲ್ಲೈತ್ರೀ?”

ಅಧ್ಯಕ್ಷರ ಕೈ ತಾನಾಗಿ ಎದೆಯ ನಡುವಿಗೆ ಹೋಯಿತು. ಆ ಮನೆತನಗಳಲ್ಲಿ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಎದೆಯ ಮೇಲೆ ಧರಿಸುತ್ತಾರೆ. ಅವರ ಅಂಗಿಯ ಕೆಳಗೆ ಅದರ ಉಬ್ಬು ಕಾಣುತ್ತಿತ್ತು.

“ನಂದಿ ಎಲ್ಲಿ ನೋಡಾಕತ್ತೈತಿ?”

ಅಧ್ಯಕ್ಷರು ತಲೆ ಬಗ್ಗಿಸಿ ತಮ್ಮ ಎಡಜೇಬನ್ನು ನೋಡಿಕೊಂಡರು. ನಂದಿ ಅವರ ತೋಳಿನ ಕಡೆ ಮುಖ ಮಾಡಿ ಕೂತಿತ್ತು.

“ತೋಳಿಗೆ ಮುಖ, ಲಿಂಗಕ್ಕ ಬೆನ್ನು,” ಎಂದರು ಹಿರಿಯರು. “ಯಾವ ಗುಡಿಯಾಗ ಹಿಂಗ ಕುಂತಿದ್ದು ನೋಡೀರಿ?”

ಖಜಾಂಚಿ ತಮ್ಮ ಎದೆ ನೋಡಿಕೊಂಡರು. ಅವರ ನಂದಿ ಗುಂಡಿಗಳ ಸಾಲಿನ ಕಡೆಗೆ, ಅಂದರೆ ಎದೆಯ ನಡುವಿಗೆ, ಕರಡಿಗೆ ಇದ್ದ ಕಡೆಗೇ ನೋಡುತ್ತಿತ್ತು. ಅಧ್ಯಕ್ಷರು ಬ್ಲೇಜರ್ ಬಿಚ್ಚತೊಡಗಿದರು.

ಇಲ್ಲಿ ಸುಮ್ಮನಿರಬಹುದಿತ್ತು. ನನ್ನಿಂದಾಗಲಿಲ್ಲ. ಎಲ್ಲ ಮಕ್ಕಳೂ ಲಿಂಗ ಕಟ್ಟಿರುವುದಿಲ್ಲವಲ್ಲ ಸಾರ್, ಶಾಲೆಗೆ ಎಲ್ಲರನ್ನೂ ಸೇರಿಸಿಕೊಳ್ಳುತ್ತೀರಲ್ಲ ಎಂದೆ. ಮೇಜಿನ ಕೆಳಗೆ ಮಾಲೀಕರು ನನ್ನ ಕಾಲು ತುಳಿದರು. ಹಿರಿಯರು ಮೊದಲ ಬಾರಿಗೆ ನನ್ನನ್ನು ಸರಿಯಾಗಿ ನೋಡಿದರು.

“ಕಟ್ಟದವ್ರಿಗೂ ಎದಿ ಅಂತೂ ಇರ್ತೈತಲ್ಲವಾ. ಅದರ ಕಡೆ ನೋಡ್ಲಿ.”

ಆಂಟಿ ನನ್ನ ತೋಳು ಜಗ್ಗಿ ಏನಾಯಿತು ಎಂದು ಕೇಳಿದರು. ನಾನು ಇಂಗ್ಲಿಷಿನಲ್ಲಿ ಪಿಸುಗುಟ್ಟಿದೆ. ಕೇಳುತ್ತ ಕೇಳುತ್ತ ಅವರ ಮುಖ ಬದಲಾಯಿತು. ಎದ್ದು ನಿಂತು, ತಮ್ಮ ತರಕಾರಿ ಅಂಗಡಿಯ ಕನ್ನಡದಲ್ಲೇ ಹಿರಿಯರಿಗೆ ಹೇಳಿದರು:

“ನಮ್ಮ ಚರ್ಚಲ್ಲೂ ಇದೇ ಸಾರ್. ಮುಂದೆ ದೇವರ ಆಲ್ಟರ್, ಎರಡೂ ಪಕ್ಕದ ಗೋಡೆ ಮೇಲೆ ಶೀಲ್ಡ್ ಬರೀತೀವಿ. ಆಲ್ಟರ್‌ಗೆ ಯಾವ ಪ್ರಾಣೀನೂ ಬೆನ್ನು ಹಾಕಬಾರ್ದು. ಅದಕ್ಕೇ ಒಂದು ಗೋಡೇದು ತಿರುಗಿಸಿ ಬರೀತೀವಿ.”

“ಮತ್ತ! ಹಂಗ ಇರಬೇಕು,” ಎಂದರು ಹಿರಿಯರು, ಇದರಲ್ಲಿ ಆಶ್ಚರ್ಯವೇನು ಎಂಬಂತೆ. ಲಾಂಛನ ಪಾಸಾಯಿತು. ಶಾಲೆಯ ಗೇಟಿನ ಎರಡು ಕಂಬಗಳಿಗೂ ಇದೇ ನಂದಿಯನ್ನು ಬರೆಯಬೇಕೆಂದು ಅಲ್ಲೇ ತೀರ್ಮಾನವಾಯಿತು. ಯಾವ ಕಂಬದ ನಂದಿ ಯಾವ ಕಡೆ ನೋಡಬೇಕು ಎಂಬುದನ್ನು ಆಂಟಿಯೂ ಹಿರಿಯರೂ ಕೈಸನ್ನೆಯಲ್ಲೇ ಗೊತ್ತುಮಾಡಿಕೊಂಡರು.

ವಾಪಸ್ ಬರುವಾಗ ಮಾಲೀಕರು ಮೇಜು ಎಲ್ಲಿ ಹಾಕಿಸಬೇಕೆಂಬ ಲೆಕ್ಕದಲ್ಲಿದ್ದರು. ನನ್ನ ತಲೆಯಲ್ಲಿ ಬೇರೊಂದು ಕೊರೆಯುತ್ತಿತ್ತು. ಚರ್ಚಿನ ಒಂದು ಗೋಡೆಯ ಪ್ರಾಣಿಗಳನ್ನು ತಿರುಗಿಸಿ ಬರೆದಿದ್ದಾರೆ ಎಂದರೆ ಆಂಟಿ ತಮ್ಮ ಕೈಯಾರೆ ‘ಓಡುವ’ ಪ್ರಾಣಿಗಳನ್ನು ಬರೆದವರೇ. ಹಾಗಾದರೆ ನಮ್ಮ ಜತೆ ಇಷ್ಟು ಜಗಳ ಯಾಕೆ? ಅದನ್ನೇ ಕೇಳಿದೆ. ಆಟೋ ಹಾವನೂರು ಸರ್ಕಲ್ ದಾಟುತ್ತಿದ್ದಾಗ ಅವರು ನನ್ನ ಕಡೆ ತಿರುಗಿದರು.

“ಅದು ಬೇರೆ ನಿಯಮ, ಇದು ಬೇರೆ ನಿಯಮ ಅಂದ್ಕೊಂಡಿದ್ದೆ ಗರ್ಲ್. ಆಫೀಸಲ್ಲಿ ಯಾರೂ ಯಾಕೆ ಅಂತ ಕೇಳ್ತಿರಲಿಲ್ಲ. ನಾನೂ ಕೇಳಲಿಲ್ಲ.”

ಎಡಕ್ಕೆ, ಬಲಕ್ಕೆ ಎಂಬುದೇ ಮುಖ್ಯವಲ್ಲ, ಯಾವುದಕ್ಕೆ ಬೆನ್ನು ಹಾಕಬಾರದು ಎಂಬುದು ಮೊದಲು ಗೊತ್ತಾಗಬೇಕು ಎಂದು ನಾನು ಅಂದೆ. ಆಂಟಿ ಅದನ್ನೂ ಪೂರ್ತಿ ಒಪ್ಪಲಿಲ್ಲ. ಒಪ್ಪಬೇಕೆಂದು ನನಗೂ ಇರಲಿಲ್ಲ. ನನ್ನ ಕೈಯಲ್ಲಿ ಗುರಾಣಿಯಿಲ್ಲ, ಕೊರಳಲ್ಲಿ ಲಿಂಗವೂ ಇಲ್ಲ. ಆಂಟಿಯ ಶತ್ರುವನ್ನಾಗಲಿ ಅಧ್ಯಕ್ಷರ ಗ್ರಾಫನ್ನಾಗಲಿ ನಾನು ಈಗಲೂ ನಂಬುವುದಿಲ್ಲ. ಆದರೆ ಬ್ಲೇಜರ್ ತೊಟ್ಟ ಮನುಷ್ಯ ತಲೆ ಬಗ್ಗಿಸಿ ತನ್ನ ಎದೆಯನ್ನು ತಾನೇ ನೋಡಿಕೊಂಡದ್ದನ್ನು ಕಣ್ಣಾರೆ ಕಂಡೆ.

ಮುಂದಿನ ವಾರ ಆಂಟಿಯ ಮೇಜು ಬಂತು. ಅದರ ಮೇಲೆ ಬಣ್ಣದ ಪೆಟ್ಟಿಗೆ ಬಂತು. ಮೊದಲ ಕೆಲಸ ರಾಜಾಜಿನಗರದ ಒಂದು ವಾಲಿಬಾಲ್ ತಂಡದ್ದು. ಜರ್ಸಿಯ ಬೆನ್ನಿನ ತುಂಬ ಒಂದು ಹುಲಿ ಬೇಕಂತೆ. ಆಂಟಿ ಪೆನ್ಸಿಲು ಎತ್ತಿಕೊಂಡು, ಮತ್ತೆ ಕೆಳಗಿಟ್ಟರು. ಬೆನ್ನ ಮೇಲಿನ ಹುಲಿ ಯಾವ ಕಡೆ ನೋಡಬೇಕು? ಎದೆ ಅದಕ್ಕೆ ಕಾಣುವುದಿಲ್ಲ, ಎದುರಾಳಿ ನೆಟ್ಟಿನ ಆಚೆ, ಹಿಂದಿರುವವರು ಸ್ವಂತ ತಂಡದವರೇ. ತಮ್ಮ ನಿಯಮದಲ್ಲಿ ಇದಕ್ಕೆ ಉತ್ತರವಿಲ್ಲ ಎಂದರು. ಮಾಲೀಕರು ಬಾಗಿಲಲ್ಲಿ ನಿಂತು ಕೆಲಸ ಶುರುವಾಯಿತಾ ಎಂದು ಕೇಳಿದರು. ಆಂಟಿ ಖಾಲಿ ಜರ್ಸಿಯೊಂದಕ್ಕೆ ಕಾಗದದ ಹುಲಿಯನ್ನು ಗುಂಡುಸೂಜಿಯಿಂದ ಚುಚ್ಚಿ ನನ್ನ ಕೈಗೆ ಕೊಟ್ಟರು.

“ಹಾಕ್ಕೋ. ಮಾಗಡಿ ರೋಡ್ ತನಕ ನಡಿ, ತಿರುಗಿ ನೋಡ್ಬೇಡ. ನಾನು ಹಿಂದೇನೇ ಬರ್ತೀನಿ.”